ಎಂಜಲು ಮುಟ್ಟದ ಬೆರಳು

ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳನ್ನು ರಿಪೇರಿ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ಅಂಟಕ್ಕ ಎಂದೇ ಕರೆಯುತ್ತಿದ್ದರು. ಹಿಟ್ಟನ್ನು ನೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕಾಯಿಸಿ, ತನಗೆ ಬೇಕಾದ ಅಂಟನ್ನು ತಾನೇ ಮಾಡಿಕೊಳ್ಳುತ್ತಿದ್ದಳು. ಹರಿದ ಹಾಳೆಗೆ ಪ್ಲಾಸ್ಟಿಕ್ ಟೇಪು ಮೆತ್ತಿದವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಪುಸ್ತಕದ ಬೆನ್ನಿನ ಮೇಲ್ತುದಿಗೆ ಬೆರಳು ಸಿಕ್ಕಿಸಿ ಕಪಾಟಿನಿಂದ ಎಳೆಯುವವರಿಗೂ ಬಿಸಿ ಮುಟ್ಟುತ್ತಿತ್ತು. "ಜುಟ್ಟು ಹಿಡಿದು ಎಳೀಬೇಡಪ್ಪಾ. ಅಕ್ಕಪಕ್ಕದವ್ರನ್ನ ಸ್ವಲ್ಪ ಒಳಗೆ ತಳ್ಳಿ, ಸೊಂಟ ಹಿಡಿದು ತೆಗಿ" ಎನ್ನುತ್ತಿದ್ದಳು. ಹೇಳಿಸಿಕೊಂಡವರು ಮೊದಲು ನಗುತ್ತಿದ್ದರು, ಆಮೇಲೆ ಹಾಗೆಯೇ ತೆಗೆಯುತ್ತಿದ್ದರು.

ಇಂಥವಳಿಗೆ ಗಂಡನಾಗಿ ಸಿಕ್ಕವನು ಬಸ್ ಕಂಡಕ್ಟರ್. ಜೀವಮಾನವೆಲ್ಲ ನಾಲಿಗೆಗೆ ಬೆರಳು ತಾಕಿಸಿಕೊಂಡು ಟಿಕೆಟ್ ಹರಿದ ಮನುಷ್ಯ. ನಿವೃತ್ತನಾದರೂ ಆ ನಂಟು ಬಿಡಲಿಲ್ಲ. ಪತ್ರಿಕೆ, ಕ್ಯಾಲೆಂಡರ್, ಅಷ್ಟೇ ಏಕೆ, ಮಡಚಿಟ್ಟ ಟವೆಲ್ ಎತ್ತಬೇಕಾದರೂ ಬೆರಳು ಮೊದಲು ಬಾಯಿಗೆ ಹೋಗಿಯೇ ಬರಬೇಕು. ಒಮ್ಮೆ ಗ್ರಂಥಾಲಯಕ್ಕೆ ಬಂದವನು, ಹೆಂಡತಿ ಆಗಷ್ಟೇ ಹೊಲಿದು ಮುಗಿಸಿದ್ದ ಪುಸ್ತಕವನ್ನೇ ಎಂಜಲು ಹಚ್ಚಿ ಹಚ್ಚಿ ತಿರುವತೊಡಗಿದ. ಅಂಟಕ್ಕ ಪುಸ್ತಕ ಕಸಿದುಕೊಂಡು ಬಾಗಿಲು ತೋರಿಸಿದಳು. "ಯಾರಕ್ಕಾ ಆ ಮನುಷ್ಯ?" ಎಂದು ಹೊಸದಾಗಿ ಬಂದಿದ್ದ ಕಾವಲುಗಾರ ಕೇಳಿದ್ದಕ್ಕೆ, "ಯಾರೋ ಏನೋ, ನಂಗೇನು ಗೊತ್ತು" ಅಂದುಬಿಟ್ಟಳು. ಆ ಮಾತು ಮೆಟ್ಟಿಲಿಳಿಯುತ್ತಿದ್ದ ಗಂಡನ ಕಿವಿಗೆ ಬಿತ್ತು. ಸಂಜೆ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಮತ್ತೆಂದೂ ಅತ್ತ ತಲೆ ಹಾಕಲಿಲ್ಲ.

ಆ ಗ್ರಂಥಾಲಯದಲ್ಲಿ ಹಕ್ಕಿಗಳ ಚಿತ್ರಗಳಿದ್ದ ಒಂದು ಹಳೆಯ ಪುಸ್ತಕವಿತ್ತು. ಮಣೆಯಷ್ಟು ದೊಡ್ಡದು. ಪ್ರತಿ ಚಿತ್ರದ ಮೇಲೂ ತೆಳುವಾದ ಕಾಗದದ ಮುಸುಕು. ತಲೆಮಾರುಗಳ ಬೆರಳು ತಾಗಿ ಮೂಲೆಗಳು ಕಂದಿ, ಪುಡಿಪುಡಿಯಾಗಿ ಉದುರುತ್ತಿದ್ದವು. ಅಂಟಕ್ಕ ಅದರ ಹೊಲಿಗೆ ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಹರಿದಲ್ಲೆಲ್ಲ ಈರುಳ್ಳಿ ಸಿಪ್ಪೆಯಂಥ ಕಾಗದ ಹಚ್ಚಿ ಮತ್ತೆ ಹೊಲಿದಳು. ತಿಂಗಳುಗಟ್ಟಲೆ ಹಿಡಿಯಿತು. ಮುಗಿದ ದಿನ ಗ್ರಂಥಪಾಲಕ ಕಣ್ಣರಳಿಸಿ ನೋಡಿದ.

"ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸ್ಬೇಕು ಅಂಟಕ್ಕಾ. ಇನ್ನು ಇದನ್ನ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕ್ಬಿಡ್ತೀನಿ."

ಅಂಟಕ್ಕ ಪುಸ್ತಕದ ಮೇಲೆ ಕೈಯಿಟ್ಟಳು. "ಬೀಗ ಹಾಕೋಕಾ ಸಾರ್ ನಾನು ಇಷ್ಟು ಕಷ್ಟಪಟ್ಟಿದ್ದು? ಜನ ತೆರೆದು ನೋಡ್ಲಿ ಅಂತ ಅಲ್ವಾ?"

"ಜನ ಕೈ ಹಾಕಿದ್ರೆ ಮತ್ತೆ ಅದೇ ಕಥೆ."

"ಹೇಗೆ ಕೈ ಹಾಕ್ಬೇಕು ಅಂತ ಕಲಿಸಿದ್ರಾಯ್ತು."

ಗ್ರಂಥಪಾಲಕ ಒಳ್ಳೆಯವನೇ, ಸ್ವಲ್ಪ ಪುಕ್ಕಲ. ನಗುತ್ತ, "ಹಾಗಾದ್ರೆ ನಿಮ್ಮ ಕಂಡಕ್ಟರ್ ಸಾಹೇಬ್ರಿಗೆ ಕಲಿಸಿ ನೋಡೋಣ. ಬೆರಳು ನೆಕ್ಕದೆ ಅವ್ರು ಇದನ್ನ ಪೂರ್ತಿ ತಿರುವಿದ್ರೆ ಬೀಗದ ಮಾತೇ ಎತ್ತಲ್ಲ" ಅಂದ. ಆವತ್ತಿನ 'ಯಾರೋ' ಯಾರೆಂಬುದು ಅವನಿಗೆ ಗೊತ್ತೇ ಇತ್ತು! ತಮಾಷೆಗೆ ಅಂದ ಮಾತನ್ನು ಅಂಟಕ್ಕ ಗಟ್ಟಿಯಾಗಿ ಹಿಡಿದುಕೊಂಡಳು.

"ಯಾರೋ ಏನೋ ಅಂದವ್ಳಿಗೆ ಈಗ ನಾನು ಬೇಕಾದ್ನಾ?" ಎಂದು, ಸಂಜೆ ಮನೆಯಲ್ಲಿ ಅವಳು ವಿಷಯ ತಿಳಿಸಿದಾಗ, ಗಂಡ ಗೋಡೆಯತ್ತ ತಿರುಗಿದ.

"ಬೇಕು ರೀ" ಅಂದಳು. ಅಷ್ಟಕ್ಕೇ ಅವನು ಕರಗಿಹೋದ.

ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆಗಳನ್ನು ಹರಡಿಕೊಂಡು ಪಾಠ ಶುರುವಾಯಿತು. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು, ಮೇಲಿನ ಮೂಲೆಯಿಂದ ಹಾಳೆ ಎತ್ತಬೇಕು, ಕೆಳಗೆ ಅಂಗೈ ಆಸರೆ ಕೊಡಬೇಕು. ಬೆರಳು ಬಾಯಿಯತ್ತ ಹೊರಟರೆ ಅಂಟಕ್ಕ ಕೆಮ್ಮುತ್ತಿದ್ದಳು. ಕೆಮ್ಮಿ ಕೆಮ್ಮಿ ಅವಳಿಗೆ ನಿಜವಾಗಿಯೂ ಗಂಟಲು ಕಟ್ಟಿತು. "ಅಮ್ಮಾ, ಅಪ್ಪನ ಬೆರಳಿಗೆ ಔಷಧಿ ತರ್ಲೋ ನಿನ್ನ ಗಂಟಲಿಗೋ?" ಎಂದು ಮಗಳು ಆಡಿಕೊಂಡಳು.

"ಹಾಳೆ ಏಳ್ದಿದ್ರೆ ಏನು ಮಾಡ್ಲಿ?" ಎಂದು ಗಂಡ ಕೇಳಿದ.

"ಬಲವಂತ ಮಾಡ್ಬೇಡಿ. ಅಲ್ಲೇ ನಿಲ್ಲಿಸಿ, ನನ್ನ ಕರೀರಿ."

ಒಂದು ಬೆಳಿಗ್ಗೆ ಓದುವ ಕೋಣೆಯ ದೊಡ್ಡ ಮೇಜಿನ ಮೇಲೆ, ಎರಡು ಬಟ್ಟೆ ದಿಂಬುಗಳ ನಡುವೆ ಪುಸ್ತಕ ತೆರೆದುಕೊಂಡಿತು. ಓದುಗರೆಲ್ಲ ಸುತ್ತ ನೆರೆದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ ಗಂಡ ಕೈ ಒರೆಸಿಕೊಂಡು ಕೂತ. ಗೂಬೆ ಬಂತು, ಮರಕುಟಿಗ ಬಂತು, ಹಾಳೆಗಳು ಒಂದೊಂದಾಗಿ ಸದ್ದಿಲ್ಲದೆ ಮಗುಚಿದವು. ಅರ್ಧ ದಾಟಿದ ಮೇಲೆ ಒಂದು ಹಾಳೆ ಮೇಲೇಳಲಿಲ್ಲ. ಅವನು ಮತ್ತೊಮ್ಮೆ ಮೂಲೆ ಸವರಿದ. ಊಹೂಂ. ಬೆರಳು ತಾನಾಗಿಯೇ ಬಾಯಿಯತ್ತ ಏರಿತು, ಮೀಸೆಯ ತನಕ ಬಂತು.

ಅಂಟಕ್ಕನ ಗಂಟಲಿನ ತುದಿಗೆ ಕೆಮ್ಮು ಬಂದಿತ್ತು. ನುಂಗಿಕೊಂಡಳು. ಇವತ್ತು ನಾನು ಕೆಮ್ಮಿ ಅವರು ಗೆದ್ದರೆ ಅದು ಗೆಲುವೇ ಅಲ್ಲ ಎನ್ನಿಸಿತು ಅವಳಿಗೆ.

ಬೆರಳು ಮೀಸೆಯ ಹತ್ತಿರವೇ ನಿಂತಿತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು. "ಹೋಲ್ಡಾನ್!" ಎಂದು ಹಳೆಯ ಕಂಡಕ್ಟರ್ ಗಂಟಲಿನಲ್ಲಿ ಕೂಗಿದ ಗಂಡ. "ಇಲ್ಲಿ ಏನೋ ಅಂಟಿಕೊಂಡಿದೆ. ನಾನು ಎಳೆಯಲ್ಲ. ಡಾಕ್ಟ್ರನ್ನ ಕರೀರಿ."

ಅಂಟಕ್ಕ ಬಗ್ಗಿ ನೋಡಿದಳು. ಅವಳದೇ ಅಂಟು, ಸಾಸಿವೆಯಷ್ಟು, ಮುಸುಕಿನ ಕಾಗದದಿಂದ ಚಿತ್ರದ ಮೇಲೆ ಇಳಿದಿತ್ತು. ಎಳೆದಿದ್ದರೆ ಕೊಕ್ಕರೆಯ ಕೊಕ್ಕೇ ಕಿತ್ತು ಬರುತ್ತಿತ್ತು. ತೆಳ್ಳಗಿನ ಅಲಗು ತೂರಿಸಿ, ಉಸಿರು ಬಿಗಿಹಿಡಿದು ಬಿಡಿಸಿದಳು. ಕೊಕ್ಕು ಉಳಿಯಿತು. ಗಂಡನ ಮುಖ ನೋಡಿ, "ರೈಟ್ ರೈಟ್" ಅಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಬೆರಳು ಒಮ್ಮೆಯೂ ಒದ್ದೆಯಾಗದೆ ಕೊನೆಯ ಹಕ್ಕಿಯೂ ಬಂದುಹೋಯಿತು.

ಗ್ರಂಥಪಾಲಕ ಕೈಯಲ್ಲಿ ಹಿಡಿದು ತಂದಿದ್ದ ಬೀಗವನ್ನು ಜೇಬಿಗಿಳಿಸಿದ. "ಬೀರುವಿಗೆ ಬೇರೆ ಏನಾದ್ರೂ ಹುಡುಕ್ಕೋತೀನಿ ಅಂಟಕ್ಕಾ. ಇದು ಈ ಮೇಜಿನ ಮೇಲೇ ಇರ್ಲಿ" ಅಂದ.

ಬಾಗಿಲ ಬಳಿ ನಿಂತಿದ್ದ ಕಾವಲುಗಾರ ಹತ್ತಿರ ಬಂದು, ಓದುವ ಕೋಣೆಯಲ್ಲಿ ಹೀಗೇ ಮಾತಾಡಬೇಕೆಂದು ಅವಳೇ ಕಲಿಸಿದ್ದ ಪಿಸುಮಾತಿನಲ್ಲಿ ಕೇಳಿದ: "ಅಕ್ಕಾ, ಆವತ್ತು ನೀವು ಓಡಿಸಿದ್ರಲ್ಲ, ಅವ್ರೇ ಅಲ್ವಾ ಇವ್ರು? ಯಾರಕ್ಕಾ ಇವ್ರು?"

ಗಟ್ಟಿಯಾಗಿ ಉಸಿರಾಡಿದವರನ್ನೂ ಗದರಿಸುತ್ತಿದ್ದ ಅಂಟಕ್ಕ, ಕೋಣೆಯ ಕೊನೆಯ ಕುರ್ಚಿಗೂ ಕೇಳುವಂತೆ ಹೇಳಿದಳು: "ನಮ್ಮ ಮನೆಯವ್ರು!"