ಡ್ರಮ್ ಬಾರಿಸುತ್ತಿದ್ದ ನಮ್ಮ ಭಾವ

ಡ್ರಮ್ ಬಾರಿಸುತ್ತಿದ್ದ ಭಾವನವರಿಗೆ ನೀರು ಕೊಡಲು ವೇದಿಕೆ ಹತ್ತಿದ ನಾನು ವೈರ್ ಎಡವಿ ಬೋರಲು ಬಿದ್ದೆ. ಪ್ಲಗ್ ಕಿತ್ತುಬಂದು ಗಿಟಾರು, ಮೈಕು ಸತ್ತವು. ಗಾಬರಿಯಲ್ಲಿ ಭಾವನೂ ಕೈ ನಿಲ್ಲಿಸಿದರು. ಶ್ರುತಿ ಸೇರಿಸಿದರೆ ಜನರಿಗೆ ಸಲಾಂ ಹೊಡೆದಂತೆ ಎಂದು ನಂಬಿ, ಅಪಸ್ವರದಲ್ಲೇ ಹೆಸರು ಮಾಡಿದ ರಾಕ್ ಬ್ಯಾಂಡು ಅದು. ಅಭಿಮಾನಿಗಳು ಆ ಮೌನವನ್ನೇ ಹೊಸ ಹಾಡೆಂದುಕೊಂಡು ಎದ್ದುನಿಂತು ಚಪ್ಪಾಳೆ ತಟ್ಟಿದರು.

ಮರುದಿನವೇ ಗಾಯಕ ಮಹಾಶಯ, "ಇನ್ಮೇಲೆ ಮೌನವೇ ನಮ್ಮ ಸಂಗೀತ, ಡ್ರಮ್ ಬೇಡ," ಎಂದು ಅಪ್ಪಣೆ ಕೊಡಿಸಿದ. ತಾಳ ತಪ್ಪುವ ಅವನ ಮಾನವನ್ನು ಇಷ್ಟು ವರ್ಷ ಹಿಂದೆ ಕೂತು ಮುಚ್ಚಿದ್ದು ನಮ್ಮ ಭಾವ!

"ನಿನ್ನ ಕಾಲಿಗೆ ಬೆಂಕಿ ಬೀಳ!" ಎಂದಳು ಅಕ್ಕ.

ನಾನು ಹೆದರುತ್ತಲೇ ಕೇಳಿದೆ: "ಭಾವ, ಹಾಗಾದ್ರೆ ನಿಮ್ಮ ಕೆಲಸ ಹೋಯ್ತಾ?"

"ಇಲ್ಲಪ್ಪ. ಪ್ರತಿ ಸಲ ಯಾರಾದ್ರೂ ವೈರ್ ಎಡವಬೇಕಲ್ಲ, ಅದನ್ನ ನಂಗೆ ವಹಿಸಿದಾರೆ."