ಯಾರ ಸರದಿಯೋ ಅವರಿಗೆ ಪುಸ್ತಕ

ಲೈಬ್ರರಿ ಆಂಟಿಯ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳ ಹಾಗಿರಲಿಲ್ಲ. ಸವೆದು ಚಪ್ಪಟೆಯಾಗಿ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಖಾಕಿ ಕಾಗದವನ್ನು ಪುಸ್ತಕದ ಅಂಚಿಗೆ ಮಡಿಸಿ ಆ ಉಗುರನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಎಳೆದರೆ ಸಾಕು, ಮಡಿಕೆ ಇಸ್ತ್ರಿ ಹಾಕಿದ ಹಾಗೆ ಕೂರುತ್ತಿತ್ತು. ನಮ್ಮ ಜೊತೆ ಮಾತಾಡುತ್ತಲೇ ಈ ಕೆಲಸ ನಡೆಯುತ್ತಿತ್ತು. ಬೀದಿಯಲ್ಲಿ ಏನಾದರೂ ಸದ್ದಾದರೆ ಮಾತ್ರ ಕೈ ನಿಂತುಬಿಡುತ್ತಿತ್ತು. "ಏನದು? ಯಾರಾದ್ರೂ ಬಿದ್ರಾ?" ಎಂದು ಕತ್ತು ಚಾಚಿ ನೋಡಿ, ಉರುಳಿದ್ದು ನೀರಿನ ಕ್ಯಾನು ಎಂದು ಖಾತ್ರಿಯಾದ ಮೇಲೆಯೇ ಮತ್ತೆ ಕಾಗದಕ್ಕೆ ಕೈ ಹಚ್ಚುತ್ತಿದ್ದರು.

ಅಷ್ಟು ಹೆದರುವ ಇನ್ನೊಬ್ಬ ಹೆಂಗಸನ್ನು ನಾನು ನೋಡಿಲ್ಲ. ಕುಕ್ಕರ್ ಕೂಗುವಾಗ ಅಡುಗೆಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬೀಗ ಹಾಕಿ ಗೇಟು ದಾಟಿದವರು ವಾಪಸು ಬಂದು ಬೀಗ ಜಗ್ಗಿ ನೋಡುತ್ತಿದ್ದರು, ಮತ್ತೆ ಗೇಟಿನವರೆಗೆ ಹೋಗಿ ಗ್ಯಾಸ್ ನೆನಪಾಗಿ ಪುನಃ ಬರುತ್ತಿದ್ದರು. ರಸ್ತೆ ದಾಟುವಾಗ ನನ್ನ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದರೆಂದರೆ, ಆಚೆ ತಲುಪಿದ ಮೇಲೆ ನಾನು ಕೈ ಉಜ್ಜಿಕೊಳ್ಳಬೇಕಾಗುತ್ತಿತ್ತು. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅಂಕಲ್ ಕೈಗೆ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದರು.

ಅವರ ಲೈಬ್ರರಿ ಇದ್ದದ್ದು ಮತ್ತಿಕೆರೆಯ ಒಂದು ಒಳರಸ್ತೆಯಲ್ಲಿ, ಮನೆಗೆ ಅಂಟಿಕೊಂಡ ಕಾರು ಶೆಡ್ಡಿನಲ್ಲಿ. ಕಾರು ಕೊಳ್ಳುತ್ತೇನೆಂದು ಅಂಕಲ್ ಕಟ್ಟಿಸಿದ ಶೆಡ್ಡು ಅದು. ಕಾರು ಬರಲೇ ಇಲ್ಲ, ಪುಸ್ತಕಗಳು ಬಂದವು. ಯಶವಂತಪುರದ ಆಡಿಟರ್ ಆಫೀಸಿನಲ್ಲಿ ಕೆಲಸ ಮುಗಿಸಿ ಸಂಜಯನಗರದ ಮನೆಗೆ ಹೋಗುವ ದಾರಿಯಲ್ಲಿ ನಾನು ಅಲ್ಲಿ ಇಳಿಯುತ್ತಿದ್ದೆ. ಕಾಲೇಜಿನ ಹುಡುಗರು, ರಿಟೈರಾದವರು, ಗಂಡ ಮಕ್ಕಳನ್ನು ಕಳಿಸಿ ಉಸಿರು ಬಿಡುವ ಗೃಹಿಣಿಯರು, ಎಲ್ಲರೂ ಬರುತ್ತಿದ್ದರು. ಎಲ್ಲರಿಗೂ ಸಿಗುತ್ತಿದ್ದದ್ದು ಒಂದೇ ರೀತಿಯ ಪುಸ್ತಕ. ಮೈತುಂಬ ಖಾಕಿ, ಬೆನ್ನ ಮೇಲೊಂದು ನಂಬರು, ಅಷ್ಟೇ. ಹೊರಗಡೆ ಹೆಸರಿಲ್ಲ, ಚಿತ್ರವಿಲ್ಲ.

"ಯಾಕಾಂಟಿ, ಚಂದದ ರಟ್ಟೆಲ್ಲ ಮುಚ್ಚಿಬಿಡ್ತೀರಲ್ಲ?" ಎಂದು ಒಮ್ಮೆ ಕೇಳಿದ್ದೆ.

"ನಮ್ಮಣ್ಣ ರಟ್ಟು ನೋಡಿಯೇ ಪುಸ್ತಕ ಕಿತ್ಕೊಳ್ತಿದ್ದ ಕಣಮ್ಮ. ಒಳಗೆ ಏನಿದೆ ಅಂತ ಒಂದು ಸಾಲೂ ಓದ್ತಿರ್ಲಿಲ್ಲ. ಯಾರು ಏನು ಓದ್ತಾರೆ ಅನ್ನೋದು ಪಕ್ಕದಲ್ಲಿ ಕೂತೋರಿಗೆ ಯಾಕೆ ಗೊತ್ತಾಗ್ಬೇಕು?" ಎಂದರು.

ಈ ಖಾಕಿಯ ಬೆಲೆ ನನಗೆ ಗೊತ್ತು. ಗಂಡನ ಮನೆಯಲ್ಲಿದ್ದಾಗ ವಿಚ್ಛೇದನದ ಕಾನೂನಿನ ಪುಸ್ತಕವನ್ನು ನಾನು ಅತ್ತೆಯ ಎದುರಿಗೇ, ಸೋಫಾದ ಮೇಲೆ ಕೂತು ಓದಿ ಮುಗಿಸಿದ್ದೇನೆ. ಅವರು ಅಡುಗೆ ಪುಸ್ತಕ ಎಂದುಕೊಂಡು "ಏನಾದ್ರೂ ಹೊಸದು ಮಾಡಮ್ಮ" ಎಂದಿದ್ದರು. ಹೊಸದನ್ನೇ ಮಾಡಿದೆ. ಪುಸ್ತಕ ವಾಪಸು ಕೊಟ್ಟಾಗ ಲೈಬ್ರರಿ ಆಂಟಿ ನನ್ನ ಮುಖವನ್ನೂ ನೋಡಲಿಲ್ಲ, ಏನನ್ನೂ ಕೇಳಲಿಲ್ಲ. ಪಕ್ಕಕ್ಕಿಟ್ಟು, "ಕಾಫಿ ಕುಡೀತೀಯಾ?" ಎಂದರು.

ಅವರ ಇನ್ನೊಂದು ನಿಯಮ ಸರದಿಯದು. ಪುಸ್ತಕ ಹೊರಗಿದ್ದರೆ, ಮೊದಲು ಕೇಳಿದವರಿಗೆ ಮೊದಲು. ದೊಡ್ಡ ಮನುಷ್ಯರೆಂದು ಯಾರಿಗೂ ರಿಯಾಯಿತಿ ಇರಲಿಲ್ಲ. ಪಕ್ಕದ ರಸ್ತೆಯ ಡಾಕ್ಟರು, ಆಂಟಿಯ ಬಿ.ಪಿ. ನೋಡುತ್ತಿದ್ದವರು, ಒಮ್ಮೆ ಸರದಿ ಮುರಿಯಲು ನೋಡಿದರು. ಆಂಟಿ ಕೈ ಮುಗಿದು "ಸರ್, ನಿಮ್ ಕ್ಲಿನಿಕ್ಕಲ್ಲಿ ನಾನು ಟೋಕನ್ ತಗೊಂಡು ಕೂತ್ಕೊಳಲ್ವಾ?" ಎಂದು ಕಳಿಸಿದ್ದರು. ಕಳಿಸಿದ ಮೇಲೆ, ಡಾಕ್ಟರು ಇನ್ನು ಮಾತ್ರೆ ಸರಿಯಾಗಿ ಬರೆದುಕೊಡುತ್ತಾರೋ ಇಲ್ಲವೋ ಎಂದು ವಾರವೆಲ್ಲ ಕೊರಗಿದ್ದೂ ಅವರೇ.

ಈಗ ಕಲ್ಲಿನ ವಿಷಯ. ಮತ್ತಿಕೆರೆಯ ಹಳೆಯ ಊರಿನ ಕಡೆ, ಅರಳಿಕಟ್ಟೆಯ ಬುಡದಲ್ಲಿ ಒಂದು ವೀರಗಲ್ಲಿದೆ. ಬಹಳ ಕಾಲ ಅದಕ್ಕೆ ಒರಗಿಸಿ ಸೈಕಲ್ ನಿಲ್ಲಿಸುತ್ತಿದ್ದರು. ಆಮೇಲೆ ಯಾರೋ ಅರಿಶಿನ ಕುಂಕುಮ ಹಚ್ಚಿದರು, ಇನ್ಯಾರೋ ಬೆಳ್ಳಿಯ ಮುಖವಾಡ ಕೂರಿಸಿದರು. ಕಲ್ಲಿನ ಮೇಲೆ ಕೆತ್ತಿದ್ದು ಪೂರ್ತಿ ಮುಚ್ಚಿದ ಮೇಲೆ ಅದರ ಪ್ರತಾಪ ಹೆಚ್ಚಿತು. ಆ ಕಲ್ಲಿನ ವೀರ ಈ ಸೀಮೆಯನ್ನೆಲ್ಲ ಆಳಿದ ರಾಜನೆಂದು ಫ್ಲೆಕ್ಸ್‌ಗಳು ಎದ್ದವು. ಫ್ಲೆಕ್ಸಿನಲ್ಲಿ ಬಿಳಿ ಕುದುರೆ, ಕಿರೀಟ, ಗಿರಿಜಾ ಮೀಸೆ. ಸರ್ಕಲ್ಲಿನಲ್ಲಿ ಪ್ರತಿಮೆ ನಿಲ್ಲಿಸಲು ಒಂದು ಸಮಿತಿಯೂ ಹುಟ್ಟಿತು.

ಆಂಟಿಯ ಕಪಾಟಿನಲ್ಲಿ ಆ ಕಲ್ಲಿನ ಬಗ್ಗೆ ಒಂದು ಸಣ್ಣ ಪುಸ್ತಕವಿತ್ತು. ಎಂದೋ ತೀರಿಕೊಂಡ ಒಬ್ಬ ಶಾಲಾ ಮೇಷ್ಟ್ರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದು. ಕಲ್ಲಿನ ಅಕ್ಷರಗಳನ್ನು ಓದಿ ಅವರು ಹೇಳಿದ್ದು ಇಷ್ಟೇ: ಇವನು ರಾಜನಲ್ಲ, ಊರ ದನ ಕಾಯುವವನು. ಕಳ್ಳರು ದನ ಹೊಡೆದುಕೊಂಡು ಹೋದಾಗ ಬಿಲ್ಲು ಹಿಡಿದು ಕಾಲ್ನಡಿಗೆಯಲ್ಲಿ ಬೆನ್ನಟ್ಟಿ, ದನ ಬಿಡಿಸಿ ಊರಿಗೆ ಕಳಿಸಿ, ತಾನು ಸತ್ತ. ಕುದುರೆ ಕಲ್ಲಿನಲ್ಲಿ ಎಲ್ಲೂ ಇಲ್ಲ. ಕಾಲೇಜಿನ ಹುಡುಗನೊಬ್ಬ ಇದರ ಒಂದು ಪುಟವನ್ನು ಫೋಟೊ ತೆಗೆದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದೇ ತಡ, ಗುಂಪು ಹೊತ್ತಿಕೊಂಡಿತು. ಪುಸ್ತಕ ಎಲ್ಲಿದೆ ಎಂಬುದೂ ಬಯಲಾಯಿತು.

ಆ ಸಂಜೆ ನಾನು ಒಂದು ಕಾದಂಬರಿ ವಾಪಸು ಕೊಡಲು ಹೋಗಿದ್ದೆ. ಹುಡುಗನ ನಂತರ ಕಲ್ಲಿನ ಪುಸ್ತಕದ ಸರದಿ ನನ್ನದಾಗಿತ್ತು. ಬಸ್ಸಿನಲ್ಲಿ ಓದುತ್ತಿದ್ದೆನಾದ್ದರಿಂದ ಅದೂ ನನ್ನ ಚೀಲದಲ್ಲೇ ಇತ್ತು. ನಾಲ್ಕೈದು ಜನ ಒಳಗೆ ಬಂದರು. ಮುಂದಿದ್ದವನಿಗೆ ಮೂವತ್ತರ ಆಸುಪಾಸು, ಸಮಿತಿಯ ಫ್ಲೆಕ್ಸಿನಲ್ಲಿ ಅವನ ಮುಖವನ್ನು ನೋಡಿದ್ದೆ.

"ಆಂಟಿ, ನಮ್ ರಾಜನ್ನ ದನ ಕಾಯೋನು ಅಂತ ಬರ್ದಿರೋ ಬುಕ್ಕು ನಿಮ್ಮತ್ರ ಇದ್ಯಂತಲ್ಲ, ಕೊಡಿ."

"ಅದು ಇಲ್ಲಿಲ್ಲಪ್ಪ. ಓದೋಕೆ ತಗೊಂಡು ಹೋಗಿದಾರೆ."

"ಯಾರು?"

"ಅದನ್ನ ಹೇಳಲ್ಲಪ್ಪ."

ಒಬ್ಬ ಕಪಾಟಿನಿಂದ ಪುಸ್ತಕಗಳನ್ನು ಎಳೆದೆಳೆದು ಬಿಚ್ಚಿ ನೋಡಿ, "ಎಲ್ಲಾ ಒಂದೇ ಥರ ಇದೆ ಮಚ್ಚಾ" ಎಂದು ಬೇಸತ್ತು ಬಿಟ್ಟ. ನನ್ನ ಚೀಲದ ಜಿಪ್ಪು ಅರ್ಧ ತೆರೆದಿತ್ತು. ಮುಚ್ಚಲು ಹೋದರೆ ಅವರ ಕಣ್ಣು ಬೀಳುತ್ತದೆ, ಬಿಟ್ಟರೆ ಪುಸ್ತಕದ ಮೂಲೆ ಕಾಣುತ್ತದೆ. ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಆಂಟಿ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಫೋನು ಎತ್ತಿಕೊಂಡರು. ಪೊಲೀಸರಿಗೇನಾದರೂ ಮಾಡುತ್ತಾರೋ ಎಂದುಕೊಂಡೆ.

"ನೀವೂ ಓದ್ತೀರೇನಪ್ಪ? ನಿಮ್ ನಂಬರ್ ಹೇಳಿ," ಎಂದರು ಮುಂದಿದ್ದವನಿಗೆ. "ಅವರು ತಂದ್ಕೊಟ್ಮೇಲೆ ಸರದಿ ನಿಮ್ದೇ. ನಾನೇ ಫೋನ್ ಮಾಡ್ತೀನಿ."

ಅವನಿಗೆ ನಗು ಬಂತು. ನಂಬರು ಹೇಳಿದ. ಒಂದೇ ಬೆರಳಿನಲ್ಲಿ, ತಪ್ಪು ಒತ್ತಿ ಅಳಿಸಿ, ಆಂಟಿ ಅದನ್ನು ಫೋನಿಗೆ ತುಂಬಿಸಿಕೊಂಡರು. "ಮಾಡಿ, ಕಾಯ್ತಿರ್ತೀವಿ. ಮಾಡ್ಲಿಲ್ಲ ಅಂದ್ರೆ ನಾವೇ ಬರ್ತೀವಿ," ಎಂದು ಹೇಳಿ ಅವರೆಲ್ಲ ಹೋದರು.

ಆಂಟಿ ಕುರ್ಚಿಗೆ ಕುಸಿದರು. ನೀರಿನ ಲೋಟ ಬಾಯಿಗೆ ತಲುಪುವ ಮೊದಲೇ ಅರ್ಧ ಸೀರೆಯ ಮೇಲೆ ಚೆಲ್ಲಿತು. ನಾನು ಚೀಲದಿಂದ ಪುಸ್ತಕ ತೆಗೆದು ಚಾಚಿದೆ. "ಓದಿ ಮುಗಿಸಿದ್ಯಾ?" ಎಂದರು. ಇನ್ನೂ ಉಳಿದಿದೆ ಎಂದೆ. "ಮತ್ತೆ ಯಾಕೆ ಕೊಡ್ತೀಯ? ಮುಗಿಸ್ಕೊಂಡು ಬಾ." ಸೀರೆ ಒರೆಸಿಕೊಳ್ಳುತ್ತಾ, "ನಾನಂತೂ ನಾಲ್ಕು ಪುಟಕ್ಕಿಂತ ಮುಂದೆ ಹೋಗ್ಲಿಲ್ಲಮ್ಮ, ಬೋರ್ ಆಯ್ತು," ಎಂದರು. ನನಗೆ ನಗು ಬಂತು. ತನಗೆ ಬೋರಾದ ಪುಸ್ತಕಕ್ಕಾಗಿ ಹೀಗೆ ನಡುಗುತ್ತಾ ಕೂತವರನ್ನು ನೋಡಿ ಅಳುವೂ ಬಂತು.

ಉಳಿದ ಪುಟಗಳನ್ನು ಓದಿದ ದಿನಗಳಲ್ಲಿ ಬಸ್ಸಿನಲ್ಲಿ ಪಕ್ಕದವರು ಬಗ್ಗಿದರೂ ಪುಸ್ತಕ ಮುಚ್ಚಿಬಿಡುತ್ತಿದ್ದೆ. ಫ್ಲೆಕ್ಸಿನ ರಾಜನಿಗಿಂತ ಪುಸ್ತಕದ ದನಗಾಹಿ ನನಗೆ ದೊಡ್ಡವನಾಗಿ ಕಂಡ. ಸೈನ್ಯವಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ಊರಿನವರ ದನಕ್ಕಾಗಿ ಓಡಿದವನಿಗೆ ಕುದುರೆ ಹತ್ತಿಸಿದರೆ ಅವನ ಮರ್ಯಾದೆ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ? ಒಂದು ಕಲ್ಲನ್ನು ತಮ್ಮ ಹೆಮ್ಮೆಯ ಗುರುತೆಂದು ಜನ ಹೆಗಲ ಮೇಲೆ ಹೊತ್ತ ಮೇಲೆ ಅದರಲ್ಲಿ ಏನು ಬರೆದಿದೆ ಎಂದು ನೋಡುವವರೇ ಇರುವುದಿಲ್ಲ. ನೋಡಿದವರು ಶತ್ರುಗಳಾಗುತ್ತಾರೆ. ನನ್ನ ಮಾತೇ ಸರಿ ಎಂದೂ ಅಲ್ಲ, ಆ ಮೇಷ್ಟ್ರು ತಪ್ಪು ಓದಿರಬಹುದು. ಆದರೆ ತಪ್ಪು ಎನ್ನುವುದಕ್ಕಾದರೂ ಯಾರಾದರೂ ಓದಬೇಕಲ್ಲ! ಪುಟಗಳನ್ನೆಲ್ಲ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡೆ. ಸಮಾಧಾನವಾಗಲಿಲ್ಲ. ಕಪಾಟಿನಲ್ಲಿರುವ ಪುಸ್ತಕವನ್ನು ಯಾರು ಬೇಕಾದರೂ ಬಂದು ಕೇಳಬಹುದು. ಫೋನಿನಲ್ಲಿರುವುದನ್ನು ತೋರಿಸುವ ಧೈರ್ಯ ನನಗಿಲ್ಲ ಎಂದು ನನಗೇ ಗೊತ್ತಿತ್ತು.

ನಾನು ಪುಸ್ತಕ ಕೊಟ್ಟ ದಿನ ಆಂಟಿ ಫೋನು ಕೈಗೆತ್ತಿಕೊಂಡರು. ಅಂಕಲ್ ಬಾಗಿಲಿಗೆ ಓಡಿಬಂದರು. "ನಿಂಗೇನ್ ತಲೆ ಕೆಟ್ಟಿದ್ಯೇನೇ? ಕಳೆದ್ಹೋಯ್ತು ಅಂತ ಹೇಳ್ಬಿಡು. ಅವನ ಕೈಗೆ ಹೋದ್ರೆ ಅದು ವಾಪಸ್ ಬರಲ್ಲ. ಹರಿದು ಬಿಸಾಕ್ತಾನೆ."

"ಹೌದು ಆಂಟಿ, ಬೇಡ," ಎಂದೆ ನಾನೂ. "ಇದು ಬೇರೆಲ್ಲೂ ಸಿಗಲ್ಲ."

"ಓದಬೇಡಿ ಅಂತ ಅವನು ನಮಗೆ ಹೇಳೋದು ತಪ್ಪು ತಾನೇ? ಹಾಗಾದ್ರೆ ಅವನಿಗೆ ನೀನು ಓದಬೇಡ ಅಂತ ನಾನು ಹೇಗಮ್ಮ ಹೇಳ್ಲಿ? ಸರದಿ ಅವನ್ದು."

"ಅವನು ಓದೋಕೆ ಕೇಳ್ಲಿಲ್ಲ ಆಂಟಿ!"

"ಅದು ನಮಗೆ ಹೇಗೆ ಗೊತ್ತು?" ಎಂದು ಕೇಳಿ, ನಂಬರು ಒತ್ತಿದರು.

ಅವನು ಬೈಕಿನಲ್ಲಿ ಒಬ್ಬನೇ ಬಂದ. ನಿಜವಾಗಿಯೂ ಫೋನು ಬರುತ್ತದೆಂದು ಅವನೂ ಅಂದುಕೊಂಡಿರಲಿಲ್ಲವೇನೋ, ಸ್ವಲ್ಪ ಪೆಚ್ಚಾಗಿದ್ದ. ಬಿಡಿಸಿ ನೋಡಿ, "ಇದ್ರಲ್ಲಿ ಫೋಟೋನೇ ಇಲ್ವಲ್ಲ" ಎಂದ. "ಹದಿನೈದು ದಿನ ಇಟ್ಕೋಬಹುದು. ಪುಟ ಮಡಿಸ್ಬೇಡಿ," ಎಂದರು ಆಂಟಿ. ಅವನು ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟ.

ಹದಿನೈದು ದಿನ ಕಳೆಯಿತು. ಪುಸ್ತಕ ಬರಲಿಲ್ಲ. ಇನ್ನಷ್ಟು ದಿನ ಹೋದವು. ಬೈಕಿನ ಸದ್ದಾದರೆ ಆಂಟಿ ಎದ್ದು ನಿಲ್ಲುತ್ತಿದ್ದರು, ಅದು ಮುಂದೆ ಹೋದರೆ ಕೂರುತ್ತಿದ್ದರು. ಫೋನ್ ಮಾಡಿ ಕೇಳಿ ಎಂದರೆ "ಭಯ ಕಣಮ್ಮ" ಎನ್ನುತ್ತಿದ್ದರು. ಸರ್ಕಲ್ಲಿನಲ್ಲಿ ಪ್ರತಿಮೆಯ ಕಟ್ಟೆ ಎದ್ದಿತು. ಆ ದಾರಿಯನ್ನೇ ಬಿಟ್ಟು ಅವರು ಸುತ್ತು ಹಾಕಿ ತರಕಾರಿಗೆ ಹೋಗತೊಡಗಿದರು.

"ತಪ್ಪು ಮಾಡಿದ್ನಾ ನಾನು?" ಎಂದು ಒಂದು ಸಂಜೆ ಕೇಳಿದರು. ಹರಿದ ಪುಟಗಳು ಯಾವುದೋ ಮೋರಿಯಲ್ಲಿ ತೇಲುತ್ತಿರುವುದೇ ನನ್ನ ಕಣ್ಣ ಮುಂದೆ ಬರುತ್ತಿತ್ತು. "ಕಾಫಿ ಮಾಡ್ಲಾ ಆಂಟಿ?" ಎಂದೆ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ದೇವರಿಗೆ ಹೂವು ಬಿಡಿಸುತ್ತಿದ್ದವರು ಅಲ್ಲೇ ಕೂತರು, ಏಳಲಿಲ್ಲ. ಹೆದರಿ ಹೆದರಿಯೇ ಸತ್ತರು ಎಂದು ಬೀದಿಯವರು ಮಾತಾಡಿಕೊಂಡರು. ನನಗೆ ಸಿಟ್ಟು ಬಂತು. ಹೆದರಿಕೆ ಅವರಿಗೆ ಹುಟ್ಟಿನಿಂದ ಇತ್ತು, ಅದು ಅವರ ಕೈಯಿಂದ ಯಾವ ಕೆಲಸವನ್ನೂ ಬಿಡಿಸಿರಲಿಲ್ಲ. ಧೈರ್ಯವಂತರು ಎನಿಸಿಕೊಂಡ ನಾವೆಲ್ಲ ಗೋಡೆಗೆ ಅಂಟಿಕೊಂಡಿದ್ದೆವು.

ಕಾರ್ಯಗಳೆಲ್ಲ ಮುಗಿದ ಮೇಲೆ ಅಂಕಲ್ ಲೈಬ್ರರಿ ಮುಚ್ಚುತ್ತೇನೆಂದರು. ಯಾರೋ ಪುಸ್ತಕಗಳನ್ನು ಒಟ್ಟಿಗೆ ಒಯ್ಯಲು ಒಪ್ಪಿದ್ದರು. ಭಾನುವಾರ ಮಧ್ಯಾಹ್ನ ನಾವಿಬ್ಬರೂ ರಟ್ಟಿನ ಪೆಟ್ಟಿಗೆಗಳಿಗೆ ತುಂಬುತ್ತಿದ್ದೆವು. ಆಂಟಿಯ ಫೋನು ಮೇಜಿನ ಮೇಲೆಯೇ ಇತ್ತು, ಅದು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಅಂಕಲ್ ಕೈ ಚಾಚಲಿಲ್ಲ, ನಾನೇ ಎತ್ತಿಕೊಂಡೆ.

ವಯಸ್ಸಾದ ಹೆಂಗಸಿನ ಧ್ವನಿ, ಬಹಳ ಮೆಲ್ಲಗೆ. "ಅಲೋ, ಲೈಬ್ರರಿ ಅಮ್ಮಾವ್ರಾ? ಪುಸ್ತಕದ ಒಳ್ಗಡೆ ಸೀಲಿನಾಗೆ ಫೋನ್ ನಂಬರಿತ್ತು, ನೋಡಿ ಮಾಡ್ದೆ. ನಮ್ ಉಡ್ಗ ಆ ಕಲ್ಲಿನ ಪುಸ್ತಕ ತಂದು ಬೀರು ಮ್ಯಾಲೆ ಎಸ್ದಿದ್ದ. ನಾನು ಚಿಕ್ಕೋಳಿದ್ದಾಗ ಆ ಕಲ್ಲಿನ ತಾವೇ ಆಡ್ತಿದ್ದೆ ಕಣಮ್ಮ. ಅವ್ನು ಮನೇಲಿಲ್ದಾಗ ತಗ್ದು ಓದ್ತೀನಿ. ಅಕ್ಸರ ಕೂಡ್ಸಿ ಕೂಡ್ಸಿ ಓದ್ಬೇಕು, ನಿಧಾನ. ವಾಯಿದೆ ಮುಗ್ದೋಗೈತೆ ಅಂತ ಗೊತ್ತು. ಬೈಬ್ಯಾಡಿ. ಇನ್ನೊಂದಷ್ಟ್ ದಿನ ಮಡಿಕ್ಕೊಳ್ಲಾ?"

ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಆ ಕಡೆಯಿಂದ ಗಾಬರಿಯಾಗಿ, "ಅಮ್ಮಾವ್ರೇ? ಪುಸ್ತಕದಾಗೆ ಆ ದನ ಕಾಯೋನು ದನ ಬಿಡಿಸ್ಕೊಂಡ್ ಬರಾಕೆ ಈಗಿನ್ನೂ ಒಂಟವ್ನೆ," ಎಂದಿತು ಧ್ವನಿ.

"ಇಟ್ಕೊಳ್ಳಿ ಅಮ್ಮ. ಓದಿ ಮುಗಿಸಿ ಕೊಡಿ," ಎಂದೆ.

ಅಂಕಲ್ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಾ ಯಾರದು ಎಂದು ಕೇಳಿದರು.

"ಕಟ್ಟಬೇಡಿ ಅಂಕಲ್," ಎಂದೆ. "ಇನ್ನೂ ಒಬ್ಬರು ಓದ್ತಿದಾರೆ."