ಬಿಳಿ ಸೀರೆಯ ಮೇಲೆ ಕೂತ ಮಸಿ

ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಚಿತ್ರಗಾರರ ಮನೆಯಲ್ಲಿ ಹುಟ್ಟಿದ ಗಂಗಾ ತಾಯಿಯಿಂದ ಕಲಿತ ಮೊದಲ ಪಾಠ ಕುಂಚದ್ದಲ್ಲ, ಬಾಗಿಲಿನದು. ಹಚ್ಚಿದ ಬಣ್ಣ ಆರುವವರೆಗೆ ಬಾಗಿಲು ತೆರೆಯಬಾರದು. ಹಸಿ ಬಣ್ಣದ ಮೇಲೆ ಧೂಳು ಕೂತರೆ ಗೊಂಬೆ ಕೆಟ್ಟಂತೆಯೇ. ಮದುವೆಯಾಗಿ ಕೊಪ್ಪಳದ ಪಕ್ಕದ ಹಳ್ಳಿಗೆ ಬಂದ ಮೇಲೂ ಆಕೆ ಈ ನೇಮ ಬಿಟ್ಟಿರಲಿಲ್ಲ. ಆಮೇಲೆ ಊರ ಬದಿಗೆ ಕಬ್ಬಿಣದ ಕಾರ್ಖಾನೆ ಬಂತು. ಅದರ ಚಿಮಣಿಯ ಮಸಿ ಮಾಳಿಗೆ, ಹತ್ತಿ, ಕುಡಿಯುವ ನೀರು ಯಾವುದನ್ನೂ ಬಿಡಲಿಲ್ಲ. ಊರವರು ಅರ್ಜಿ ಕೊಟ್ಟರು, ಕೊಡುತ್ತಲೇ ಇದ್ದರು.

ಸ್ವಾತಂತ್ರ್ಯ ದಿನಕ್ಕೆಂದು ಪಂಚಾಯ್ತಿ ಅಧ್ಯಕ್ಷ ಈಶಪ್ಪ ಆಕೆಗೆ ಭಾರತಮಾತೆಯ ಮರದ ಮೂರ್ತಿ ಮಾಡಲು ಹೇಳಿದ: ಕೇಸರಿ ಕುಪ್ಪಸ, ಬಿಳಿ ಸೀರೆ, ಹಸಿರು ಅಂಚು. ಗಂಗಾ ಕದ ಮುಚ್ಚಿಕೊಂಡು ಸೀರೆಗೆ ಬಿಳಿ ಹಚ್ಚಿದಳು. ಬೆಳಗಾಗುವಷ್ಟರಲ್ಲಿ ಬೆಳಕಿಂಡಿಯಿಂದ ಇಳಿದ ಮಸಿ ಅದರ ಮೇಲೆ ಕೂತಿತ್ತು. ಉಜ್ಜಿ ಮತ್ತೆ ಹಚ್ಚಿದಳು. ಮತ್ತೆ ಕೂತಿತು.

ಆ ಸಲವೂ ಉಜ್ಜಿ ಬಿಳಿ ಹಚ್ಚಿದವಳು ಬಾಗಿಲು ತೆರೆದಳು. ಮೂರ್ತಿಯನ್ನು ಮಾಳಿಗೆಗೆ ಒಯ್ದು ಗಾಳಿಗೆ ಎದುರಾಗಿ ನಿಲ್ಲಿಸಿದಳು. ಜೀವಮಾನವಿಡೀ ಧೂಳಿಗೆ ಕದ ಮುಚ್ಚಿದ ಕೈಗೆ ಅದು ಸುಲಭದ ಕೆಲಸವಾಗಿರಲಿಲ್ಲ. ಮರುದಿನ ಸೀರೆ ಬೂದುಗಪ್ಪಾಗಿತ್ತು. ಒಂದು ಕಣವೂ ಅಲುಗದಂತೆ ಅದರ ಮೇಲೆಯೇ ವಾರ್ನಿಷ್ ಎಳೆದು, ಮೂರ್ತಿಯನ್ನು ಈಶಪ್ಪನ ಮನೆಗೆ ಒಯ್ದಳು.

"ಏನವಾ ಇದು! ದೇಶದ ತಾಯಿಗೆ ಮಸಿ ಬಳದೀ?"

"ನಾ ಬಳದಿದ್ದು ಬಿಳಿ ಅಷ್ಟರಿ."

"ನಾಟಕ ಬ್ಯಾಡ. ಬೆಳ್ಳಗ ಮಾಡು. ಇಲ್ಲಂದ್ರ ಸಾಲಿ ಗ್ವಾಡಿ ಚಿತ್ರದ ಕೆಲಸಾನೂ ಬ್ಯಾರೇದವ್ರಿಗೆ ಹೋಗ್ತೈತಿ, ನೋಡು."

ಶಾಲೆಯ ಆ ಗೋಡೆಯ ಕೆಲಸವೇ ಆಕೆಯ ವರ್ಷದ ಅನ್ನ.

"ಮಾಡ್ತೀನ್ರಿ. ಆದ್ರ ಆರೋತನಕ ನಿಮ್ಮ ಮಾಳಿಗಿ ಮ್ಯಾಲ ಇಡ್ರಿ. ಮುಂಜಾನಿ ಬೆಳ್ಳಗ ಉಳದ್ರ ನೀವು ಹೇಳಿದಂಗ."

ಒಳಗಿನಿಂದ ಈಶಪ್ಪನ ತಾಯಿ ಅನ್ನಮ್ಮ ನಕ್ಕಳು. "ಇಡಪಾ, ಇಡು. ನಿನ್ನ ಬಿಳಿ ಅಂಗಿ ದಿನಾ ತಿಕ್ಕಿ ಒಗಿಯಾಕಿ ನಾ ಅದೀನಿ. ನನಗ ಗೊತ್ತಿಲ್ಲೇನು?"

ಈಶಪ್ಪನ ಮುಖ ಕೆಂಪಾಯಿತು. "ಹೊತ್ಕೊಂಡು ನಡಿ ಇದನ್ನ!"

ಗಂಗಾ ಹೊತ್ತುಕೊಂಡು ಬಂದಳು. ಬಿಳಿ ಹಚ್ಚಲಿಲ್ಲ. ಶಾಲೆಯ ಗೋಡೆ ಗಂಗಾವತಿ ಪಟ್ಟಣದ ಪೇಂಟರನ ಪಾಲಾಯಿತು. ಮೂರ್ತಿ ಆಕೆಯ ಮನೆಕಟ್ಟೆಯ ಮೇಲೆ ಕೂತಿತು.

ಆಗಸ್ಟ್ ಹದಿನೈದರಂದು ಧ್ವಜವಂದನೆ ಮುಗಿದದ್ದೇ ಅನ್ನಮ್ಮ ತೆಂಗಿನಕಾಯಿ ಹಿಡಿದು ನೇರ ಆ ಕಟ್ಟೆಗೆ ಬಂದಳು. ಅವಳ ಹಿಂದೆ ಓಣಿಯ ಹೆಂಗಸರೆಲ್ಲ. ಈಶಪ್ಪ ಧಾವಿಸಿ ಬಂದ.

"ಯವ್ವಾ, ಮನಿಗಿ ನಡಿ. ಮಂದಿ ನೋಡಾಕತ್ತಾರ."

"ನೋಡ್ಲಿ ಅಂತನ ಬಂದೀನಿ. ನೀ ಮೊದಲ ಚಪ್ಪಲಿ ಬಿಡು. ತಾಯಿ ಮುಂದ ನಿಂತೀ."

ಅಧ್ಯಕ್ಷ ಸುತ್ತ ನೋಡಿದ. ಚಪ್ಪಲಿ ಬಿಟ್ಟ.

ಶಾಲೆಯ ಗೋಡೆ ಗಂಗಾಳಿಗೆ ಮತ್ತೆ ಸಿಗಲಿಲ್ಲ. ಈಗ ತೊಟ್ಟಿಲಿಗೆ, ಬಾಗಿಲಿಗೆ ಬಣ್ಣ ಹಚ್ಚಿ ಬದುಕುತ್ತಾಳೆ. ದಿನಾ ಮುಂಜಾನೆ ಒದ್ದೆ ಬಟ್ಟೆಯಿಂದ ಮೂರ್ತಿಯನ್ನು ಒರೆಸುತ್ತಾಳೆ. ಹೊಸ ಮಸಿ ಬಟ್ಟೆಗೆ ಬರುತ್ತದೆ. ಹಳೆಯದು ವಾರ್ನಿಷಿನ ಅಡಿಯಲ್ಲಿ ಇದ್ದಲ್ಲೇ ಇದೆ.